ಮಗುವಿನ ತಾಳ ಹಿಡಿಯುವುದು ಹೇಗೆ? ಹುಟ್ಟಿನಿಂದ ಆರು ವರ್ಷದವರೆಗೆ ಮನೆಯಲ್ಲೇ ಹಾಡು, ಲಯ, ಕುಣಿತ

ಹತ್ತು ತಿಂಗಳ ಮಗು ನೆಲದ ಮೇಲೆ ಕುಳಿತು ಚಮಚದಿಂದ ಡಬ್ಬಿಯ ಮುಚ್ಚಳ ಬಡಿಯುತ್ತಿದೆ. ಮನೆಯವರು ಸಾಮಾನ್ಯವಾಗಿ ಸದ್ದು ಸಾಕೆಂದು ಚಮಚ ಕಸಿದುಕೊಳ್ಳುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಯಾವುದಾದರೂ ಹಾಡು ಹಾಕಿ ಗಮನ ತಿರುಗಿಸುತ್ತಾರೆ. ಇನ್ನೊಂದು ದಾರಿಯಿದೆ. ನೀವೂ ಒಂದು ಚಮಚ ಹಿಡಿದು ಎದುರಿಗೆ ಕುಳಿತು, ಮಗು ಬಡಿಯುವ ವೇಗದಲ್ಲೇ ಬಡಿಯಿರಿ. ನಾಲ್ಕಾರು ಪೆಟ್ಟು ಬೀಳುವಷ್ಟರಲ್ಲಿ ಮಗು ಕೈ ನಿಲ್ಲಿಸಿ ನಿಮ್ಮ ಮುಖ ನೋಡುತ್ತದೆ. ಮತ್ತೆ ಬಡಿದು, ನೀವೂ ಬಡಿಯುತ್ತೀರೋ ಇಲ್ಲವೋ ಎಂದು ಪರೀಕ್ಷಿಸುತ್ತದೆ. ಮುಂದೆ ಹೇಳಲಿರುವ ಎಲ್ಲ ಆಟಗಳೂ ಆ ನೋಟದಿಂದಲೇ ಹುಟ್ಟಿಕೊಳ್ಳುತ್ತವೆ.

ಸಂಗೀತಕ್ಕೆ ಮಕ್ಕಳನ್ನು ಕುಣಿಸುವುದೆಂದರೆ ನಮ್ಮ ತಾಳಕ್ಕೆ ಅವರನ್ನು ಕುಣಿಸುವುದು ಎಂದೇ ಹೆಚ್ಚಿನವರು ಭಾವಿಸುತ್ತಾರೆ. ವರ್ಷಗಟ್ಟಲೆ ಪುಟ್ಟ ಮಕ್ಕಳೊಂದಿಗೆ ನೆಲದ ಮೇಲೆ ಕುಳಿತ ನನ್ನ ಅನುಭವ ಬೇರೆಯೇ ಹೇಳುತ್ತದೆ. ಮೊದಲು ನಾವು ಮಗುವಿನ ತಾಳಕ್ಕೆ ಸೇರಬೇಕು. ಆಮೇಲೆ ಮಗು ತಾನಾಗಿ ನಮ್ಮ ತಾಳಕ್ಕೆ ಬರುತ್ತದೆ. ಈ ಕ್ರಮ ತಪ್ಪಿದರೆ ಎಷ್ಟು ಚೆಂದದ ವಾದ್ಯ ತಂದುಕೊಟ್ಟರೂ ಅದು ಎರಡು ದಿನದಲ್ಲಿ ಮೂಲೆ ಸೇರುತ್ತದೆ.

ಲಯವನ್ನು ಮಗು ಕಿವಿಯಿಂದ ಮಾತ್ರ ಕಲಿಯುವುದಿಲ್ಲ, ಮೈಯಿಂದಲೂ ಕಲಿಯುತ್ತದೆ. 2005ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಜೆಸಿಕಾ ಫಿಲಿಪ್ಸ್-ಸಿಲ್ವರ್ ಮತ್ತು ಲಾರೆಲ್ ಟ್ರೇನರ್ ಏಳು ತಿಂಗಳ ಶಿಶುಗಳಿಗೆ ಎಲ್ಲಿಯೂ ಒತ್ತು ಇಲ್ಲದ ಒಂದು ತಾಳವನ್ನು ಕೇಳಿಸಿದರು. ಕೆಲವು ಶಿಶುಗಳನ್ನು ಪ್ರತಿ ಎರಡನೆಯ ಪೆಟ್ಟಿಗೆ, ಉಳಿದವನ್ನು ಪ್ರತಿ ಮೂರನೆಯ ಪೆಟ್ಟಿಗೆ ಕುಣಿಸಿದರು. ಬಳಿಕ ಒತ್ತು ಇರುವ ತಾಳಗಳನ್ನು ಕೇಳಿಸಿದಾಗ, ಪ್ರತಿ ಶಿಶುವೂ ತಾನು ಕುಣಿದ ಬಗೆಯ ತಾಳವನ್ನೇ ಹೆಚ್ಚು ಹೊತ್ತು ಆಲಿಸಿತು. ಬೇರೊಬ್ಬರು ಕುಣಿಯುವುದನ್ನು ಸುಮ್ಮನೆ ನೋಡಿದ ಶಿಶುಗಳಲ್ಲಿ ಈ ಒಲವು ಕಾಣಲಿಲ್ಲ. ಪರದೆಯ ಮೇಲೆ ಕುಣಿಯುವ ಗೊಂಬೆಗಿಂತ ನಿಮ್ಮ ಮಡಿಲು ಏಕೆ ಮೇಲು ಎಂಬುದಕ್ಕೆ ನನಗೆ ಇಷ್ಟು ಸಾಕು.

ಆರಂಭಿಸುವ ಮುನ್ನ

ಜಾಗ ಹೆಚ್ಚು ಬೇಡ. ಇಬ್ಬರು ಕೈ ಚಾಚಿ ತಿರುಗಿದರೂ ಏನೂ ತಗುಲದಷ್ಟು ನೆಲವಿದ್ದರೆ ಸಾಕು. ಮೇಜಿನ ಚೂಪು ಮೂಲೆ, ಜಾರುವ ಚಾಪೆ, ಕಾಲಿಗೆ ಸಿಕ್ಕುವ ವೈರುಗಳನ್ನು ಸರಿಸಿಬಿಡಿ. ಕಾಲುಚೀಲ ಹಾಕಿಕೊಂಡು ನುಣುಪು ನೆಲದ ಮೇಲೆ ಕುಣಿದರೆ ಬೀಳುವುದು ಖಂಡಿತ, ಆದ್ದರಿಂದ ಬರಿಗಾಲೇ ಒಳ್ಳೆಯದು. ಬರಿಗಾಲಿಗೆ ನೆಲದ ಕಂಪನವೂ ತಿಳಿಯುತ್ತದೆ.

ಹೊಟ್ಟೆ ತುಂಬಿದ ತಕ್ಷಣವೂ ಬೇಡ, ನಿದ್ದೆಗೆ ಕಣ್ಣು ಎಳೆಯುತ್ತಿರುವಾಗಲೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಒಮ್ಮೆಗೆ ಮೂರು-ನಾಲ್ಕು ನಿಮಿಷ, ಮೂರು ವರ್ಷದವರಿಗೆ ಹತ್ತು ನಿಮಿಷ, ಐದು ವರ್ಷದವರಿಗೆ ಹದಿನೈದು-ಇಪ್ಪತ್ತು ನಿಮಿಷ ಎಂದಿಟ್ಟುಕೊಳ್ಳಿ. ಮಗು ಇನ್ನೂ ಬೇಕು ಎನ್ನುತ್ತಿರುವಾಗಲೇ ನಿಲ್ಲಿಸುವುದು ಲೇಸು.

ಇನ್ನು ದನಿಯ ವಿಷಯ. ‘ನನಗೆ ಹಾಡಲು ಬರುವುದಿಲ್ಲ’ ಎನ್ನುವ ತಂದೆತಾಯಂದಿರೇ ಹೆಚ್ಚು. ಮಗು ಹುಟ್ಟುವ ಮೊದಲೇ ತಾಯಿಯ ದನಿಯನ್ನು ಕೇಳಿರುತ್ತದೆ, ಹುಟ್ಟಿದ ಕೆಲವೇ ದಿನಗಳಲ್ಲಿ ಅದನ್ನು ಇತರ ದನಿಗಳಿಂದ ಬೇರ್ಪಡಿಸಿ ಗುರುತಿಸುತ್ತದೆ. ಅದು ನಿಮ್ಮ ಶ್ರುತಿಯನ್ನು ಅಳೆಯುವುದಿಲ್ಲ. ಒಂದನ್ನು ಮಾತ್ರ ನೆನಪಿಡಿ: ಮಕ್ಕಳ ಗಂಟಲು ಚಿಕ್ಕದು, ದನಿ ಎತ್ತರದ್ದು. ದೊಡ್ಡವರು ತಮಗೆ ಅನುಕೂಲವಾದ ತಗ್ಗಿನ ಶ್ರುತಿಯಲ್ಲಿ ಹಾಡಿದರೆ ಮಗುವಿಗೆ ಜೊತೆಗೂಡಲು ಆಗುವುದಿಲ್ಲ. ನಿಮ್ಮ ಮಾತಿನ ದನಿಗಿಂತ ತುಸು ಮೇಲೆ, ಹಗುರವಾಗಿ, ಎಳೆಯದೆ ಹಾಡಿ. ಹಾಡು ನೆನಪಿಗೆ ಬಾರದಿದ್ದರೆ ಎರಡೇ ಸ್ವರ ಸಾಕು: ಪಂಚಮದಿಂದ ಗಾಂಧಾರಕ್ಕೆ ಇಳಿಯುವ ‘ಪ–ಗ, ಪ–ಗ’. ದೂರದಲ್ಲಿರುವ ಗೆಳೆಯನನ್ನು ಮಕ್ಕಳು ರಾಗವಾಗಿ ಕೂಗಿ ಕರೆಯುವಾಗ ಅನೇಕ ವೇಳೆ ಬರುವುದು ಈ ಇಳಿಕೆಯೇ. ಹಂಗೆರಿಯ ಸಂಗೀತಗಾರ ಜೋಲ್ಟಾನ್ ಕೊಡಾಯ್ (1882–1967) ಅವರ ಚಿಂತನೆಯಿಂದ ಬೆಳೆದ ಕಲಿಕಾ ಪದ್ಧತಿ ಮಕ್ಕಳಿಗೆ ಮೊದಲು ಹಾಡಿಸುವುದೂ ಈ ಎರಡು ಸ್ವರಗಳನ್ನೇ. ‘ಅಂಗಿ–ಎಲ್ಲಿ? ಅಂಗಿ–ಇಲ್ಲಿ’ ಎಂದು ಇವೆರಡರಲ್ಲೇ ಇಡೀ ಬೆಳಗನ್ನು ಹಾಡಬಹುದು.

ಮೊದಲ ಪಾಠ ನಿಮಗೆ: ಮಗುವಿನ ವೇಗ ಕಂಡುಕೊಳ್ಳಿ

ಇದನ್ನು ಯಾವ ವಯಸ್ಸಿನ ಮಗುವಿನೊಂದಿಗಾದರೂ ಮಾಡಬಹುದು. ಒಂದು ವಾರ ಇದೊಂದನ್ನೇ ಮಾಡಿದರೂ ನಷ್ಟವಿಲ್ಲ.

1. ಟಿವಿ, ರೇಡಿಯೊ, ಮೊಬೈಲು ಎಲ್ಲವನ್ನೂ ಆರಿಸಿ. ಮಗುವಿನ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕುಳಿತುಕೊಳ್ಳಿ.
2. ಎರಡು ನಿಮಿಷ ಏನೂ ಮಾಡಬೇಡಿ, ನೋಡಿ. ಮಗು ಕಾಲು ಒದೆಯುತ್ತಿದೆಯೇ, ತಲೆ ತೂಗುತ್ತಿದೆಯೇ, ಆಟಿಕೆ ಕುಟ್ಟುತ್ತಿದೆಯೇ, ಓಡುತ್ತಿದೆಯೇ?
3. ಆ ಚಲನೆಗೆ ಸರಿಯಾಗಿ ನಿಮ್ಮ ತೊಡೆ ತಟ್ಟಿ. ಮಗು ವೇಗ ಹೆಚ್ಚಿಸಿದರೆ ನೀವೂ ಹೆಚ್ಚಿಸಿ, ನಿಂತರೆ ನಿಲ್ಲಿ.
4. ನಾಲ್ಕೈದು ಬಾರಿ ಹೀಗಾದ ಮೇಲೆ ಅದೇ ವೇಗಕ್ಕೆ ಒಂದು ಶಬ್ದ ಸೇರಿಸಿ: ‘ಟಪ್ ಟಪ್ ಟಪ್’ ಅಥವಾ ‘ಲಾ ಲಾ ಲಾ’.
5. ಮಗು ನಿಮ್ಮನ್ನು ನೋಡಿ ನಕ್ಕರೆ, ಬೇಕೆಂದೇ ನಿಲ್ಲಿಸಿ ಪರೀಕ್ಷಿಸಿದರೆ, ಈಗ ನಿಮ್ಮ ಸರದಿ. ವೇಗವನ್ನು ತುಸುವೇ ಇಳಿಸಿ, ಮಗು ಹಿಂಬಾಲಿಸುತ್ತದೆಯೇ ನೋಡಿ. ಹಿಂಬಾಲಿಸದಿದ್ದರೆ ಮತ್ತೆ ಅದರ ವೇಗಕ್ಕೇ ಮರಳಿ.

ಪುಟ್ಟ ಮಕ್ಕಳ ಸಹಜ ತಾಳ ದೊಡ್ಡವರದಕ್ಕಿಂತ ಚುರುಕು ಎಂಬುದು ನಿಮಗೆ ಬೇಗನೆ ಗೊತ್ತಾಗುತ್ತದೆ. ಅದಕ್ಕೆ ಕಾರಣವೂ ಇದೆ: ಅವರ ಕೈಕಾಲು ಗಿಡ್ಡ, ಹೆಜ್ಜೆ ಚಿಕ್ಕದು. ನಿಧಾನದ ಹಾಡಿಗೆ ಹೆಜ್ಜೆ ಹಾಕು ಎಂದರೆ ಎರಡು ಹೆಜ್ಜೆಗಳ ನಡುವೆ ಒಂಟಿ ಕಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಎರಡು ವರ್ಷದ ಮಗುವಿಗೆ ಅದು ಸರ್ಕಸ್. ಮಗು ತಾಳ ತಪ್ಪಿತು ಎಂದು ಅನ್ನಿಸಿದಾಗಲೆಲ್ಲ ಹಾಡಿನ ವೇಗ ಹೆಚ್ಚಿಸಿ ನೋಡಿ. ಬಹಳ ಸಲ ತಪ್ಪು ಹಾಡಿನದೇ ಆಗಿರುತ್ತದೆ.

ಮಡಿಲ ಆಟಗಳು: ಒಂದು ವರ್ಷದವರೆಗೆ

ಕುತ್ತಿಗೆ ನಿಲ್ಲುವವರೆಗೆ ತೂಗುವುದು, ಗುನುಗುವುದು, ಅಂಗಾಲು ತಟ್ಟುವುದು, ಇಷ್ಟೇ. ಮಗುವನ್ನು ಎದೆಗೊರಗಿಸಿಕೊಂಡು, ತಲೆಗೆ ಅಂಗೈ ಆಸರೆ ಕೊಟ್ಟು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಗುನುಗಿ. ನಿಮ್ಮ ಎದೆಗೂಡಿನ ಕಂಪನ ನೇರವಾಗಿ ಅದರ ಕೆನ್ನೆಗೆ ತಲುಪುತ್ತದೆ. ಯಾವ ಕಾರಣಕ್ಕೂ ಶಿಶುವನ್ನು ಜೋರಾಗಿ ಅಲುಗಾಡಿಸಬಾರದು. ತಲೆ ಭಾರ, ಕುತ್ತಿಗೆ ಎಳಸು. ಹಾಗೆ ಅಲುಗಿಸಿದರೆ ಮಿದುಳಿಗೆ ಪೆಟ್ಟಾಗುತ್ತದೆ.

ಎಚ್ಚರವಿರುವ ಶಿಶುವನ್ನು ದಿನಕ್ಕೆ ಕನಿಷ್ಠ 30 ನಿಮಿಷ, ಹಲವು ಸಲವಾಗಿ ಹಂಚಿ, ಬೋರಲು ಮಲಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಅನೇಕ ಶಿಶುಗಳು ಇದಕ್ಕೆ ಅಳುತ್ತವೆ. ನೀವೂ ಎದುರಿಗೆ ಬೋರಲು ಮಲಗಿ, ಮುಖಕ್ಕೆ ಮುಖ ಕೊಟ್ಟು ಹಾಡಿ. ಹಾಡಿನ ಒಂದು ಸಾಲನ್ನು ಎಡಗಡೆಯಿಂದ, ಮುಂದಿನ ಸಾಲನ್ನು ಬಲಗಡೆಯಿಂದ ಹಾಡಿದರೆ ಮಗು ದನಿ ಹುಡುಕುತ್ತ ತಲೆ ಎತ್ತಿ ತಿರುಗಿಸುತ್ತದೆ, ಅಳು ಮರೆಯುತ್ತದೆ. ಸದಾ ಪಕ್ಕದಲ್ಲೇ ಇರಿ. ನಿದ್ದೆ ಹತ್ತಿದರೆ ಅಂಗಾತ ಮಲಗಿಸಿ.

ಬೆನ್ನು ನೇರ ಮಾಡಿ ಕೂರುವ ಹೊತ್ತಿಗೆ, ಸುಮಾರು ಆರು ತಿಂಗಳ ಮೇಲೆ, ತೊಡೆಯ ದೋಣಿ ಆಡಬಹುದು. ಕಾಲು ಚಾಚಿ ಕುಳಿತು ಮಗುವನ್ನು ನಿಮಗೆ ಎದುರಾಗಿ ತೊಡೆಯ ಮೇಲೆ ಕೂರಿಸಿ, ಕಂಕುಳ ಕೆಳಗೆ ಎದೆಗೂಡನ್ನು ಹಿಡಿದುಕೊಳ್ಳಿ. ಇದಕ್ಕಾಗಿ ನಾನು ಕಟ್ಟಿಕೊಂಡ ಸಾಲುಗಳು ಇವು:

ದೋಣಿ ಬಂತು ತೇಲಿ ತೇಲಿ
ಗಾಳಿ ಬಂತು ವಾಲಿ ವಾಲಿ
ಅಲೆಯ ಮೇಲೆ ತೂಗಿ ತೂಗಿ…
ದುಡುಂ!

ಮೊದಲ ಸಾಲಿಗೆ ಹಿಂದೆ ಮುಂದೆ, ಎರಡನೆಯದಕ್ಕೆ ಎಡ ಬಲ, ಮೂರನೆಯದಕ್ಕೆ ಮೆಲ್ಲಗೆ ಮೇಲೆ ಕೆಳಗೆ. ‘ದುಡುಂ’ ಎನ್ನುವ ಮುಂಚೆ ಒಂದು ಉಸಿರಿನಷ್ಟು ಹೊತ್ತು ಪೂರ್ತಿ ಸುಮ್ಮನಾಗಿ, ಬಳಿಕ ಮಂಡಿ ಬಿಟ್ಟು ಮಗುವನ್ನು ಒಂದು ಗೇಣು ಕೆಳಗಿಳಿಸಿ. ಇದೇ ಆಟವನ್ನು ಇದೇ ಸಾಲುಗಳೊಂದಿಗೆ ಹತ್ತು ದಿನ ಆಡಿ. ಒಂದು ದಿನ ಆ ಮೌನ ಬರುತ್ತಿದ್ದಂತೆಯೇ ಮಗು ಕಣ್ಣರಳಿಸಿ, ಮೈ ಬಿಗಿ ಹಿಡಿದು, ‘ದುಡುಂ’ಗೆ ಮೊದಲೇ ಕಿಲಕಿಲ ನಗುತ್ತದೆ. ಮುಂದೇನು ಬರಲಿದೆ ಎಂದು ಅದಕ್ಕೆ ತಿಳಿದಿದೆ! ದಿನಕ್ಕೊಂದು ಹೊಸ ಹಾಡು ಬೇಕೆಂದು ಹುಡುಕುವವರಿಗೆ ಈ ಸಂತೋಷ ಸಿಗುವುದಿಲ್ಲ. ಮರುಕಳಿಕೆ ನಮಗೆ ಬೇಸರ, ಮಗುವಿಗೆ ಅದೇ ಆಧಾರ.

ನಡೆಯಲು ಕಲಿತ ಮೇಲೆ

ಒಂದರಿಂದ ಮೂರು ವರ್ಷದ ನಡುವೆ ಮಗು ಸಂಗೀತ ಕೇಳಿದರೆ ಮಂಡಿ ಬಗ್ಗಿಸಿ ಕುಣಿಯುತ್ತದೆ, ಆದರೆ ತಾಳಕ್ಕೆ ಸರಿಯಾಗಿ ಅಲ್ಲ. ಅದು ಸಹಜ, ತಿದ್ದಬೇಡಿ. ಎರಡೂ ಕಾಲೆತ್ತಿ ನೆಗೆಯುವುದು ಸುಮಾರು ಎರಡು-ಎರಡೂವರೆ ವರ್ಷಕ್ಕೆ, ಒಂಟಿ ಕಾಲಿನಲ್ಲಿ ಕುಪ್ಪಳಿಸುವುದು ನಾಲ್ಕರ ಆಸುಪಾಸಿಗೆ ಬರುತ್ತದೆ. ಅದಕ್ಕೂ ಮೊದಲು ಕುಂಟಿ ಆಡಿಸಲು ಹೋದರೆ ಮಗುವಿಗೆ ಸೋಲಿನ ರುಚಿಯೇ ಹತ್ತುತ್ತದೆ.

ಕೈ ಹಿಡಿದು ಗಿರಗಿರ ತಿರುಗಿಸುವುದು, ಎರಡೂ ಕೈ ಹಿಡಿದು ಮೇಲಕ್ಕೆತ್ತಿ ತೂಗುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ದಯವಿಟ್ಟು ಬೇಡ. ಐದು ವರ್ಷದೊಳಗಿನ ಮಕ್ಕಳ ಮೊಣಕೈ ಕೀಲು ಆ ಎಳೆತಕ್ಕೆ ಸುಲಭವಾಗಿ ತಪ್ಪುತ್ತದೆ. ಎತ್ತುವುದಿದ್ದರೆ ಕಂಕುಳ ಕೆಳಗೆ ಹಿಡಿದೇ ಎತ್ತಿ.

ಈ ವಯಸ್ಸಿಗೆ ವಾದ್ಯ ಬೇಕೇ ಬೇಕು, ಕೊಳ್ಳಬೇಕಾಗಿಲ್ಲ. ಗಟ್ಟಿ ರಟ್ಟಿನ ಪೆಟ್ಟಿಗೆ ಬೋರಲು ಹಾಕಿದರೆ ಡೋಲು. ಎರಡು ಮರದ ಸೌಟು ತಾಳಕೋಲು. ಪುಟ್ಟ ಪ್ಲಾಸ್ಟಿಕ್ ಬಾಟಲಿಗೆ ಕಾಲು ಭಾಗ ಒಣ ಕಾಳು ತುಂಬಿದರೆ ಗಿಲಕಿ. ಕಾಲು ಭಾಗವೇ ಏಕೆಂದರೆ, ತುಂಬಿ ತುಳುಕಿದರೆ ಕಾಳಿಗೆ ಓಡಾಡಲು ಜಾಗವಿಲ್ಲದೆ ಸದ್ದು ಸಾಯುತ್ತದೆ. ಒಂದಕ್ಕೆ ಕಾಳು, ಇನ್ನೊಂದಕ್ಕೆ ಮರಳು, ಮತ್ತೊಂದಕ್ಕೆ ಗುಂಡಿ ಹಾಕಿ ಮಾಡಿಕೊಟ್ಟು, ಕಣ್ಣು ಮುಚ್ಚಿ ಯಾವುದೆಂದು ಗುರುತಿಸುವ ಆಟವನ್ನೂ ಆಡಬಹುದು. ಮುಚ್ಚಳಕ್ಕೆ ಅಂಟು ಹಾಕಿ, ಮೇಲೆ ಗಟ್ಟಿ ಟೇಪು ಸುತ್ತಿ, ಪ್ರತಿ ಸಲ ಕೊಡುವ ಮುನ್ನ ಎಳೆದು ನೋಡಿ. ಮೂರು ವರ್ಷದೊಳಗಿನವರ ಗಂಟಲಿಗೆ ಕಾಳು, ಗುಂಡಿ ಎರಡೂ ಅಪಾಯ. ಸದ್ದು ಮಾಡುವ ಆಟಿಕೆಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ಅದಕ್ಕಿಂತ ದೊಡ್ಡ ಅಪಾಯ. ನುಂಗಿದರೆ ಒಳಗಿನ ಅಂಗಾಂಶವನ್ನು ಸುಡುತ್ತದೆ. ತಿರುಪು ಹಾಕಿ ಭದ್ರಪಡಿಸಿದ ಬ್ಯಾಟರಿ ಗೂಡಿಲ್ಲದ ಆಟಿಕೆ ಮನೆಗೆ ಬೇಡ.

ಬಾಯಿಗೆ ಕೋಲು ಹಾಕಿಕೊಂಡು ಓಡಬಾರದು ಎಂಬ ಒಂದೇ ನಿಯಮವಿರಲಿ. ಉಳಿದಂತೆ ಬಡಿಯಲಿ.

ನಿಲ್ಲುವ ಆಟ

ಇರುವ ಆಟಗಳಲ್ಲಿ ಒಂದನ್ನು ಮಾತ್ರ ಆರಿಸಿಕೋ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಹಾಡು ಇರುವಾಗ ನಡೆಯುವುದು, ಹಾಡು ನಿಂತಾಗ ನಿಲ್ಲುವುದು. ಓಡುತ್ತಿರುವ ಮೈಯನ್ನು ತಾನೇ ತಡೆಯುವುದು ಮೂರು ವರ್ಷದ ಮಗುವಿಗೆ ಕಡುಕಷ್ಟದ ಕೆಲಸ, ಗದರಿಸಿ ಅದನ್ನು ಕಲಿಸಲಾಗುವುದಿಲ್ಲ. ಹಾಡು ಕಲಿಸುತ್ತದೆ.

ನಡೆ ನಡೆ ನಡೆ ನಡೆ ನಡೆಯೋಣ
ತಿರು ತಿರು ತಿರು ತಿರು ತಿರುಗೋಣ
ಕಿವಿಯನು ನಿಮಿರಿಸಿ ಕೇಳೋಣ
ಸದ್ದಿಲ್ಲದೆಯೇ ನಿಲ್ಲೋಣ

ಮೊದಲ ಹಂತದಲ್ಲಿ ಕೈ ಹಿಡಿದು ಜೊತೆಗೇ ನಡೆಯಿರಿ, ‘ನಿಲ್ಲೋಣ’ ಎಂಬಲ್ಲಿ ನೀವೇ ಮರದಂತೆ ನಿಂತುಬಿಡಿ. ಎರಡನೆಯ ಹಂತದಲ್ಲಿ ಕೈ ಬಿಡಿ. ಮೂರನೆಯ ಹಂತದಲ್ಲಿ ಹಾಡು ಮುಗಿಯುವವರೆಗೆ ಕಾಯದೆ ನಡುವೆಯೇ, ‘ತಿರು ತಿರು—’ ಎಂಬಲ್ಲಿ ತಟ್ಟನೆ ನಿಲ್ಲಿಸಿ. ಈಗ ಮಗು ಬಾಯಿಪಾಠದ ನೆರವಿಲ್ಲದೆ ನಿಜವಾಗಿ ಕೇಳಲೇಬೇಕು. ನಾಲ್ಕನೆಯದಾಗಿ, ಹೇಗೆ ನಿಲ್ಲಬೇಕೆಂದು ಹೇಳಿ: ಉದ್ದದ ಮರ, ಮುದುಡಿದ ಬಸವನಹುಳು, ಒಂಟಿ ಕಾಲಿನ ಕೊಕ್ಕರೆ. ಕೊನೆಗೆ ಅಧಿಕಾರ ಮಗುವಿಗೆ. ಅದು ಹಾಡುತ್ತದೆ ಅಥವಾ ಡೋಲು ಬಡಿಯುತ್ತದೆ, ನೀವು ನಡೆಯುತ್ತೀರಿ. ಅದು ನಿಲ್ಲಿಸಿದಾಗ ನೀವು ನಿಲ್ಲಬೇಕು.

ಈ ಕೊನೆಯ ಹಂತವನ್ನು ಬಿಡಬೇಡಿ. ದಿನವಿಡೀ ‘ಬಾ, ಹೋಗು, ನಿಲ್ಲು, ಕೂರು’ ಎಂದು ಹೇಳಿಸಿಕೊಳ್ಳುವ ಮಗು, ತನ್ನ ಒಂದು ಪೆಟ್ಟಿಗೆ ಇಷ್ಟೆತ್ತರದ ಅಪ್ಪ ಗಕ್ಕನೆ ನಿಂತುಬಿಡುವುದನ್ನು ಕಂಡಾಗ ಅದರ ಮುಖ ಹೇಗೆ ಅರಳುತ್ತದೆ ನೋಡಿ. ಸೋತವರನ್ನು ಹೊರಗೆ ಕೂರಿಸುವ ನಿಯಮ ಮಾತ್ರ ಬೇಡ. ನಿಲ್ಲುವ ಅಭ್ಯಾಸ ಹೆಚ್ಚು ಬೇಕಾಗಿರುವುದು ಅಲುಗಾಡಿದ ಮಗುವಿಗೇ ತಾನೇ?

ಲಘು, ಗುರು ಮತ್ತು ಆನೆಯ ನಡಿಗೆ

ಮೂರು ದಾಟಿದ ಮಕ್ಕಳಿಗೆ ನಮ್ಮ ಭಾಷೆಯೇ ತಾಳದ ಗಣಿ. ಹೆಸರುಗಳನ್ನು ಅಕ್ಷರಕ್ಕೊಂದು ಚಪ್ಪಾಳೆಯಂತೆ ತಟ್ಟುವುದರಿಂದ ಆರಂಭಿಸಿ: ‘ಮ-ರ’ ಎರಡು, ‘ಕಿ-ಟ-ಕಿ’ ಮೂರು. ಮನೆಯವರೆಲ್ಲರ ಹೆಸರನ್ನೂ ತಟ್ಟಿ, ಯಾರ ಹೆಸರಿಗೆ ಎಷ್ಟು ಚಪ್ಪಾಳೆ ಎಂದು ಲೆಕ್ಕ ಹಾಕಿಸಿ. ಮುಂದೆ ಓದು ಕಲಿಯುವಾಗ ಪದವನ್ನು ಒಡೆದು ಕೇಳುವ ಕಿವಿ ಬೇಕಾಗುತ್ತದೆ, ಅದಕ್ಕೂ ಇದು ತಯಾರಿ.

ಆಮೇಲೆ ಉದ್ದ-ಗಿಡ್ಡ. ಛಂದಸ್ಸಿನ ಲೆಕ್ಕದಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಈ ಹೆಸರುಗಳನ್ನು ಮಗುವಿಗೆ ಹೇಳುವ ಅಗತ್ಯವಿಲ್ಲ, ಹೆಜ್ಜೆಯೇ ಹೇಳಲಿ. ‘ಕುದುರೆ’ ಎಂಬುದರಲ್ಲಿ ಮೂರು ಲಘು: ಟಕ-ಟಕ-ಟಕ ಎಂದು ಮೂರು ಚುರುಕು ಹೆಜ್ಜೆ. ‘ಆನೆ’ಯಲ್ಲಿ ಒಂದು ಗುರು, ಒಂದು ಲಘು: ‘ಆ’ ಎನ್ನುವಾಗ ಒಂದು ಕಾಲಿನ ಮೇಲೆ ಭಾರ ಹಾಕಿ ವಾಲುವುದು, ‘ನೆ’ ಎನ್ನುವಾಗ ಇನ್ನೊಂದು ಕಾಲನ್ನು ಹಗುರವಾಗಿ ಎಳೆದುಕೊಳ್ಳುವುದು. ‘ಮೊಲ’ಕ್ಕೆ ಎರಡು ಲಘು: ಎರಡು ಪುಟ್ಟ ನೆಗೆತ. ನೀವು ‘ಕುದುರೆ ಕುದುರೆ ಕುದುರೆ ಕುದುರೆ’ ಎನ್ನುತ್ತಿದ್ದು, ವೇಗ ಬದಲಿಸದೆ ‘ಆನೆ ಆನೆ ಆನೆ ಆನೆ’ ಎಂದು ಹೊರಳಿ. ಎರಡೂ ಮೂರು ಮಾತ್ರೆಯ ಪದಗಳೇ ಆದ್ದರಿಂದ ತಾಳ ಮುರಿಯುವುದಿಲ್ಲ, ಆದರೆ ಮಗುವಿನ ಇಡೀ ಮೈಯ ಗತಿ ಬದಲಾಗುತ್ತದೆ. ಒಂದೇ ಕಾಲದೊಳಗೆ ಎರಡು ಬಗೆಯ ನಡಿಗೆ ಇರಬಲ್ಲದು ಎಂಬುದನ್ನು ವಿವರಿಸಲು ಹೋದರೆ ಅರ್ಧ ಗಂಟೆ ಬೇಕು. ಆನೆಗೆ ಅರ್ಧ ನಿಮಿಷ ಸಾಕು.

ಇದು ಹೊಸ ವಿಚಾರವೇನಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಪಾಠ ಹೇಳುತ್ತಿದ್ದ ಎಮಿಲ್ ಜಾಕ್-ಡಾಲ್‌ಕ್ರೋಜ್ (1865–1950) ವಾದ್ಯ ನುಡಿಸಬಲ್ಲ ವಿದ್ಯಾರ್ಥಿಗಳಿಗೂ ಲಯ ಮೈಗೂಡಿಲ್ಲವೆಂದು ಕಂಡು, ಅವರನ್ನು ಎಬ್ಬಿಸಿ ನಡೆಸಲಾರಂಭಿಸಿದರು. ಜರ್ಮನಿಯ ಕಾರ್ಲ್ ಓರ್ಫ್ (1895–1982) ಮಾತು, ಚಲನೆ, ತಾಳವಾದ್ಯಗಳನ್ನು ಒಂದಾಗಿ ಹೆಣೆದರು. ಮನೆಯಲ್ಲಿ ನಾವು ಮಾಡುವುದು ಅದರ ಪುಟ್ಟ ರೂಪ.

ನಿಧಾನಕ್ಕೂ ಜಾಗವಿರಲಿ

ಮಕ್ಕಳ ಕುಣಿತವೆಂದರೆ ಗದ್ದಲವೇ ಎಂದಾಗಬಾರದು. ತೆಳುವಾದ ಬಟ್ಟೆಯೊಂದನ್ನು ಮೇಲಕ್ಕೆ ಹಾರಿಸಿ, ಅದು ನೆಲಕ್ಕಿಳಿಯುವವರೆಗೆ ಇಬ್ಬರೂ ಒಂದೇ ಸ್ವರವನ್ನು ಇಳಿಸುತ್ತ ಹಾಡಿ. ಬಟ್ಟೆ ಮೇಲೇರಿದರೆ ದನಿಯೂ ಮೇಲೆ, ಇಳಿದರೆ ಕೆಳಗೆ. ಎತ್ತರದ ದನಿ, ತಗ್ಗಿನ ದನಿ ಎಂಬ ಅಮೂರ್ತ ಮಾತು ಕಣ್ಣಿಗೆ ಕಾಣುವುದು ಹೀಗೆ. ಬಲೂನು ಬಳಸುವ ಆಸೆಯಾಗಬಹುದು, ಆದರೆ ಒಡೆದ ರಬ್ಬರ್ ಚೂರು ಉಸಿರುಗಟ್ಟಿಸುತ್ತದೆ, ಬಟ್ಟೆಯೇ ಇರಲಿ. ಆಟ ಮುಗಿದ ಮೇಲೆ ಅದನ್ನು ಎತ್ತಿಟ್ಟುಬಿಡಿ, ಕುತ್ತಿಗೆಗೆ ಸುತ್ತಿಕೊಳ್ಳಲು ಬಿಡಬೇಡಿ.

ಮಗು ಒಲ್ಲೆ ಎಂದರೆ

ಕೆಲವು ಮಕ್ಕಳು ವಾರಗಟ್ಟಲೆ ಬಾಗಿಲ ಬಳಿ ನಿಂತು ನೋಡುತ್ತಾರೆ, ಒಂದು ಹೆಜ್ಜೆಯನ್ನೂ ಹಾಕುವುದಿಲ್ಲ. ಅವರನ್ನು ಎಳೆದು ತರಬೇಡಿ, ‘ಅಕ್ಕ ನೋಡು ಎಷ್ಟು ಚೆನ್ನಾಗಿ ಮಾಡುತ್ತಾಳೆ’ ಎಂದು ಹೋಲಿಸಬೇಡಿ. ನೀವು ಕುಣಿಯುತ್ತಿರಿ. ಅಂಥ ಮಗುವೇ ಒಂದು ದಿನ ಸ್ನಾನದ ಮನೆಯಲ್ಲಿ ಇಡೀ ಹಾಡನ್ನು ಒಬ್ಬಂಟಿಯಾಗಿ ಹಾಡುವುದನ್ನು ನೀವು ಹೊರಗಿನಿಂದ ಕೇಳುತ್ತೀರಿ.

ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಮರದ ಕೋಲಿನ ಬದಲು ಬೆರಳ ತುದಿಯ ತಾಳ ಕೊಡಿ. ಸದ್ದನ್ನು ಆರಂಭಿಸುವ, ನಿಲ್ಲಿಸುವ ಹಿಡಿತ ಅದರ ಕೈಯಲ್ಲೇ ಇರಲಿ. ಕಿವಿ ಕೇಳಿಸದ ಮಗುವೂ ಈ ಎಲ್ಲ ಆಟಗಳಿಗೆ ಸೇರಬಲ್ಲದು. ರಟ್ಟಿನ ಡೋಲಿನ ಮೇಲೆ ಅದರ ಅಂಗೈ ಇರಿಸಿ ನೀವು ಬಡಿಯಿರಿ, ಮರದ ಹಲಗೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿ ಪಕ್ಕದಲ್ಲಿ ಹೆಜ್ಜೆ ಹಾಕಿ. ಧ್ವನಿಪೆಟ್ಟಿಗೆ ಬಳಸುವುದಾದರೆ, ಒಂದು ತೋಳಿನಷ್ಟು ದೂರದಲ್ಲಿರುವವರೊಡನೆ ಮಾತಾಡಲು ನೀವು ದನಿ ಏರಿಸಬೇಕಾಗಿ ಬಂದರೆ ಸದ್ದು ಹೆಚ್ಚಾಯಿತೆಂದೇ ಅರ್ಥ.

ಬೇರೆ ಬೇರೆ ವಯಸ್ಸಿನ ಮಕ್ಕಳಿದ್ದರೆ ದೊಡ್ಡವನಿಗೆ ತಾಳ ಬಡಿಯುವ ಹೊಣೆ ಕೊಡಿ, ಚಿಕ್ಕದು ಕುಣಿಯಲಿ. ಒಟ್ಟಿಗೆ ಒಂದೇ ತಾಳಕ್ಕೆ ಚಲಿಸಿದವರ ನಡುವೆ ಏನೋ ಬೆಸೆಯುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎದುರಿಗಿದ್ದ ಅಪರಿಚಿತರೊಂದಿಗೆ ಒಂದೇ ತಾಳಕ್ಕೆ ಕುಣಿದ 14 ತಿಂಗಳ ಮಕ್ಕಳು, ತಾಳ ಹೊಂದದೆ ಕುಣಿದವರಿಗಿಂತ ಹೆಚ್ಚಾಗಿ, ಅವರು ಬೀಳಿಸಿದ ವಸ್ತುಗಳನ್ನು ಎತ್ತಿಕೊಟ್ಟವು.

ದಿನಚರಿಗೆ ಹೊಲಿಯುವುದು

ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕು, ಎರಡು ವರ್ಷದೊಳಗೆ ಪರದೆಯ ಮುಂದೆ ಕೂರಿಸಲೇಬಾರದು, ಎರಡರಿಂದ ನಾಲ್ಕರವರೆಗೆ ಅದು ದಿನಕ್ಕೆ ಒಂದು ಗಂಟೆ ಮೀರಬಾರದು ಎಂದೂ ಅದೇ 2019ರ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆ ಎಂದರೆ ಬೆದರಬೇಡಿ, ಅದು ಇಡೀ ದಿನಕ್ಕೆ ಹಂಚಿದ ಲೆಕ್ಕ. ಆಟಿಕೆ ಎತ್ತಿಡುವಾಗ ‘ಪ–ಗ’, ಮೆಟ್ಟಿಲು ಹತ್ತುವಾಗ ಆನೆ, ಸ್ನಾನಕ್ಕೆ ಕುದುರೆ. ಪ್ರತ್ಯೇಕ ಕಾರ್ಯಕ್ರಮವಾಗಿ ಇಟ್ಟುಕೊಳ್ಳುವುದು ಸಂಜೆಯ ಹತ್ತು ನಿಮಿಷವೊಂದೇ ಆಗಿರಲಿ: ಮಗುವಿನ ವೇಗಕ್ಕೆ ತೊಡೆ ತಟ್ಟುವುದು, ನಿಲ್ಲುವ ಆಟ, ಬಟ್ಟೆಯ ಆಟ, ಈ ಕ್ರಮದಲ್ಲಿ.

ಮಲಗುವ ಹೊತ್ತಿಗೆ ಮತ್ತೆ ಮೊದಲ ಪಾಠವನ್ನೇ ಮಾಡಿ, ಹಿಂದುಮುಂದಾಗಿ. ಮಗು ಚಡಪಡಿಸುತ್ತಿದ್ದರೆ ನಿಧಾನದ ಜೋಗುಳದಿಂದ ಆರಂಭಿಸಬೇಡಿ. ಅದರ ಚಡಪಡಿಕೆಯ ವೇಗದಲ್ಲೇ ಬೆನ್ನು ತಟ್ಟುತ್ತ ಹಾಡಿ. ನಾಲ್ಕು ಸಾಲಿಗೊಮ್ಮೆ ತಟ್ಟುವುದನ್ನು ಒಂದಿಷ್ಟು ಸಡಿಲಿಸಿ, ದನಿಯನ್ನು ಒಂದಿಷ್ಟು ತಗ್ಗಿಸಿ. ಪದಗಳನ್ನು ಬಿಟ್ಟು ಗುನುಗಿಗೆ ಇಳಿಯಿರಿ. ಮಗುವಿನ ಉಸಿರು ನಿಮ್ಮ ಕೈಯ ತಾಳಕ್ಕೆ ಬಂದಾಗ ತಟ್ಟುವುದನ್ನು ನಿಲ್ಲಿಸಿ, ಅಂಗೈಯನ್ನು ಮಾತ್ರ ಬೆನ್ನ ಮೇಲೆ ಸ್ವಲ್ಪ ಹೊತ್ತು ಹಾಗೇ ಇರಿಸಿಕೊಂಡಿರಿ.